ಅವನು ನನ್ನ ತಮ್ಮ

ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನದು ಮಡಚುವ ಕೆಲಸ. ಇಬ್ಬರು ಎದುರುಬದುರು ನಿಂತು, ಚಾದರದ ಎರಡೆರಡು ಮೂಲೆ ಹಿಡಿದು, ಜಗ್ಗಿ, ಹತ್ತಿರ ನಡೆದುಬಂದು, ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಅಂಚು ಕೊಡಬೇಕು. ಎದುರು ನಿಲ್ಲುವವಳನ್ನು ಜೋಡಿ ಅನ್ನುತ್ತೇವೆ. ನನ್ನ ಬಾಯಿಗೆ ಹೆದರಿ ಯಾರೂ ನನಗೆ ಜೋಡಿಯಾಗುತ್ತಿರಲಿಲ್ಲ. ಹೊಳೆಯಾಚೆಯಿಂದ ಬಂದ ಒಬ್ಬಳು ಆದಳು. ನಾನು ಎಷ್ಟು ಬೈದರೂ, "ಮುಗೀತಾ? ಹಿಡಿ ಮೂಲೆ" ಅನ್ನುವವಳು.

ಊಟದ ಹೊತ್ತಿಗೆ ಎಲ್ಲರೂ ಫೋನಿನಲ್ಲಿ ಒಬ್ಬನ ವಿಡಿಯೊ ನೋಡುತ್ತಿದ್ದರು. ಲಕ್ಷಗಟ್ಟಲೆ ಜನ ನೋಡುವ ಆಸಾಮಿ. ಹೊಳೆಯಾಚೆಯವರು ಕೊಳಕರು, ಕಳ್ಳರು ಅನ್ನುವುದೇ ಅವನ ಕಸುಬು. ಆವತ್ತು, "ಅವರ ಕೈಯಿಂದ ಏನನ್ನೂ ತಗೋಬೇಡಿ" ಎಂದ. ಬಾಯ್ಲರಿನವನು ನಕ್ಕ. ಇಸ್ತ್ರಿಯವಳು ನನ್ನ ಜೋಡಿಯನ್ನು ನೋಡಿ ಸದ್ದು ಕಡಿಮೆ ಮಾಡಿದಳು, ವಿಡಿಯೊ ನಿಲ್ಲಿಸಲಿಲ್ಲ.

"ಇವನನ್ನ ಯಾವ ಮಹಾತಾಯಿ ಸಾಕಿದ್ಳೋ," ಅಂದಳು ಜೋಡಿ.

ನಾನೇ ಸಾಕಿದ್ದು. ಅವ್ವ ಸತ್ತಾಗ ಅವನಿಗಿನ್ನೂ ಹಾಲುಹಲ್ಲು. ಅವನು ನನ್ನ ತಮ್ಮ ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ವಿಡಿಯೊ ಕೆಳಗೆ ನಾಲ್ಕು ಮಾತು ಬರೆದು ಉಗೀಲಾ?" ಎಂದೆ.

"ಬಿಡು. ಕೊಚ್ಚೆಗೆ ಕಲ್ಲು ಹಾಕಿದ್ರೆ ನಮ್ಮ ಮುಖಕ್ಕೇ ಸಿಡಿಯೋದು."

ಬೇರೆಯವರು ಬಿಡಬಹುದು, ನಾನು ಹೇಗೆ ಬಿಡಲಿ. ಬಟ್ಟೆ ಒಣಹಾಕುವ ಅಂಗಳಕ್ಕೆ ಹೋಗಿ ಫೋನ್ ಮಾಡಿದೆ.

"ಅಕ್ಕಾ, ಊಟ ಆಯ್ತಾ?" ಎಂದ. ನನ್ನನ್ನು ಹೀಗೆ ಕೇಳುವವನು ಪ್ರಪಂಚದಲ್ಲಿ ಅವನೊಬ್ಬನೇ.

ಬೈದೆ. ಅವನ ನಾಲಿಗೆ ಬಿದ್ದುಹೋಗಲಿ ಅಂತ ಕೂಡ ಅಂದೆ. ಪೂರ್ತಿ ಕೇಳಿಸಿಕೊಂಡು, "ಇದನ್ನೇ ನಾಳೆ ಲೈವ್‌ನಲ್ಲಿ ಬಂದು ಬೈತೀಯಾ? ಸ್ವಂತ ಅಕ್ಕನೇ ಉಗಿದ್ಳು ಅಂದ್ರೆ ಜನ ಮುಗಿಬಿದ್ದು ನೋಡ್ತಾರೆ," ಎಂದ. ತಮಾಷೆಗೆ ಹೇಳಿದ್ದಲ್ಲ.

"ಬರದೆ ಸುಮ್ಮನಿದ್ರೆ?"

"ಸುಮ್ಮನಿರು. ನನಗೇನು ನಷ್ಟ?"

"ಇನ್ಮೇಲೆ ನನಗೆ ಫೋನ್ ಮಾಡಬೇಡ."

"ಆಯ್ತು. ಬಿಪಿ ಮಾತ್ರೆ ಮರೀಬೇಡ," ಎಂದು ಫೋನ್ ಇಟ್ಟ. ಅವನ ನಂಬರನ್ನು ಅಲ್ಲೇ ಅಳಿಸಿಹಾಕಿದೆ.

ಉತ್ತರ ಕೊಟ್ಟರೂ ಅವನಿಗೇ ಲಾಭ, ಕೊಡದಿದ್ದರೂ ಅವನಿಗೇ. ಆದರೆ ಜೋಡಿಯ ಎದುರು ಏನೂ ಗೊತ್ತಿಲ್ಲದವಳ ಹಾಗೆ ನಿಲ್ಲಲು ನನ್ನಿಂದಾಗಲಿಲ್ಲ. ಚಾದರ ಜಗ್ಗಿ ಹತ್ತಿರ ಬಂದಾಗ ಹೇಳಿಬಿಟ್ಟೆ.

"ಅವನು ನನ್ನ ತಮ್ಮ. ನಾನೇ ಸಾಕಿದ್ದು. ಈಗಷ್ಟೇ ಉಗಿದು ಮಾತು ಬಿಟ್ಟೆ."

ಅವಳು ಅಂಚು ಕೊಡದೆ ಹಿಡಿದೇ ನಿಂತಳು.

"ನಿನ್ನ ತಮ್ಮನನ್ನ ನೀನು ಬಿಡು, ಇಲ್ಲಾ ಕಟ್ಟಿಕೋ. ನನಗ್ಯಾಕೆ ಹೇಳಿದೆ?" ಎಂದಳು. ಸಿಟ್ಟಿರಲಿಲ್ಲ, ಸುಸ್ತಿತ್ತು. "ಬಸ್ಸಲ್ಲಿ ಅವನೇ, ಅಂಗಡೀಲಿ ಅವನೇ. ನಿನ್ನ ಎದುರು ನಿಂತಾಗ ಒಂದಿಷ್ಟು ಹೊತ್ತು ಅವನು ಇರ್ತಿರಲಿಲ್ಲ."

ಆ ಚಾದರ ಮುಗಿಸಿದೆವು. ಕೆಲಸ ಅರ್ಧಕ್ಕೆ ಬಿಡುವವಳಲ್ಲ ಅವಳು. ಆಮೇಲೆ ದಿಂಬಿನ ಗವಸುಗಳ ಬುಟ್ಟಿ ಎಳೆದುಕೊಂಡು ಕಿಟಕಿಯ ಬಳಿ ಹೋಗಿ ನನಗೆ ಬೆನ್ನು ಹಾಕಿ ಕೂತಳು.

ಮೇಸ್ತ್ರಿ ಇಸ್ತ್ರಿಯವಳನ್ನು ನನ್ನ ಎದುರು ನಿಲ್ಲಿಸಿದ. ಅವಳ ಕಿವಿಗೆ ಎಲ್ಲವೂ ಬಿದ್ದಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದಳು.

"ಅವರು ನಿಮ್ಮ ತಮ್ಮನಾ? ಒಂದು ಸಲ ಫೋನಲ್ಲಿ ಮಾತಾಡಿಸ್ತೀರಾ?"

"ಅವನ ನಂಬರ್ ನನ್ನ ಹತ್ತಿರ ಇಲ್ಲ," ಎಂದೆ.

ಕಿಟಕಿಯವರೆಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ. ಅವಳು ತಿರುಗಲಿಲ್ಲ.