ಕದಿರಮ್ಮನ ಕಡೆ ಒಂದೂ ಗೀಟಿಲ್ಲ

ತಪ್ಪು ಮಾಡಿದವರು ನಾವು ಹತ್ತು ಜನ, ಕೆಲಸ ಹೋದದ್ದು ಕದಿರಮ್ಮನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಮುಗಿಯುವಷ್ಟರಲ್ಲಿ ಯಾರೂ ನನ್ನನ್ನು ಒಳ್ಳೆಯವನೆಂದು ತಿಳಿಯಬಾರದು.

ಬಂಗಾರಪೇಟೆಯ ರೈಲ್ವೆ ಗೇಟಿನಾಚೆ ನಮ್ಮದು ಹನ್ನೆರಡು ಮಂಚದ ಹೆರಿಗೆ ಧರ್ಮಾಸ್ಪತ್ರೆ. ನಾನು ಅಲ್ಲಿ ಕಾಂಪೌಂಡರು, ಕದಿರಮ್ಮ ಆಯಾ. ನೆಲ ಒರೆಸುವುದು, ಬಟ್ಟೆ ಒಗೆಯುವುದು ಅವಳ ಕೆಲಸವೆಂದು ರಿಜಿಸ್ಟರಿನಲ್ಲಿತ್ತು. ಆದರೆ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಅಡ್ಡ ಮಲಗಿದೆಯೋ, ತಲೆ ಕೆಳಗಿದೆಯೋ ಎಂದು ಹೇಳುತ್ತಿದ್ದವಳೂ ಅವಳೇ. ನರ್ಸ್ ಗಂಗರತ್ನಮ್ಮ ಮದರಾಸಿನಲ್ಲಿ ಕಲಿತು ಬಂದವರು. ಅವರೂ ಡಾಕ್ಟರಿಗೆ ಹೇಳಿಕಳಿಸುವ ಮುಂಚೆ, "ಕದಿರಮ್ಮ, ಒಂದ್ಸಾರಿ ನೋಡಮ್ಮ" ಎನ್ನುತ್ತಿದ್ದರು. ಅವಳ ಗಂಡ ಎದೆನೋವಿನಿಂದ ಚಿನ್ನದ ಗಣಿಗಿಳಿಯುವುದನ್ನು ಬಿಟ್ಟು ಊರಿಗಾಮಿನ ಮನೆಯಲ್ಲಿ ಕೂತಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಇವಳ ಸಂಬಳದಿಂದ.

ಅರವತ್ತಮೂರನೇ ಇಸವಿಯಲ್ಲಿ ಬೆಂಗಳೂರಿನಿಂದ ಒಬ್ಬ ಮೇಷ್ಟ್ರು ಬಂದರು. ಆಸ್ಪತ್ರೆಯ ಜನ ಒಬ್ಬರನ್ನೊಬ್ಬರು ಹೇಗೆ ನೆಚ್ಚಿಕೊಂಡಿರುತ್ತಾರೆ ಎಂದು ತಿಳಿಯುವ ವಿದ್ಯೆ ಅವರದಂತೆ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಂದೊಂದು ಕಾಗದ ಕೊಟ್ಟರು. ಕೆಲಸದಲ್ಲಿ ಅನುಮಾನ ಬಂದರೆ ಯಾರನ್ನು ಕೇಳುತ್ತೀರಿ? ಹೆಸರು ಬರೆದು ಸೈನು ಹಾಕಿ ಅಂದರು.

ಎದುರಿಗೇ ಡಾಕ್ಟರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ದೊಡ್ಡವರು ಎದುರಿಗಿರುವಾಗ ಆಯಾಳ ಹೆಸರು ಬರೆಯುವುದುಂಟೆ? ಮರ್ಯಾದೆ ಅಂತ ಒಂದಿದೆಯಲ್ಲ. ಎಲ್ಲರೂ ಡಾಕ್ಟರ ಹೆಸರು ಬರೆದೆವು. ಕೆಲವರು ಕೆಳಗೆ ಗಂಗರತ್ನಮ್ಮನವರ ಹೆಸರನ್ನೂ ಸೇರಿಸಿದರು. ಓದುಬರಹ ಬಾರದ ಕದಿರಮ್ಮನನ್ನು ಮೇಷ್ಟ್ರೇ ಕೇಳಿದರು. "ನಾನು ಎಲ್ಲಾರ್ನೂ ಕೇಳ್ತೀನಿ ಸಾಮಿ" ಎಂದಳು. ಅವಳದೂ ಮರ್ಯಾದೆಯೇ.

ವಾರ ಕಳೆದ ಮೇಲೆ ಮೇಷ್ಟ್ರು ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿದರು. ಒಬ್ಬೊಬ್ಬರಿಗೆ ಒಂದೊಂದು ಸೊನ್ನೆ, ಒಳಗೆ ಅವರವರ ಹೆಸರು. ಯಾರು ಯಾರನ್ನು ಕೇಳುತ್ತಾರೋ ಅವರತ್ತ ಬಾಣದ ಗೀಟು. ಇದು ಯಾರಿಗೂ ಕೇಡು ಮಾಡಲಿಕ್ಕಲ್ಲ ಎಂದು ಹೇಳಿ ರೈಲು ಹತ್ತಿದರು. ನಮ್ಮ ಧರ್ಮದರ್ಶಿ ವೆಂಕಟೇಶಪ್ಪನವರು ಆಗ ಒಬ್ಬ ಆಳನ್ನು ಕಡಿಮೆ ಮಾಡಬೇಕೆಂದು ಲೆಕ್ಕ ಹಾಕುತ್ತಿದ್ದರು. ಅವರು ಹಾಳೆಯ ಮುಂದೆ ನಿಂತು ಕದಿರಮ್ಮನ ಸೊನ್ನೆಯ ಮೇಲೆ ಬೆರಳಿಟ್ಟರು. "ಇವಳು ಎಲ್ಲರ ತಲೆ ತಿಂತಾಳೆ. ಇವಳನ್ನ ಕೇಳೋರು ಒಬ್ರೂ ಇಲ್ಲ" ಅಂದರು. ತಿಂಗಳ ಕೊನೆಗೆ ಬಿಡಿಸುವುದೆಂದು ತೀರ್ಮಾನವಾಯಿತು.

ನಿಜ ಹೇಳಿಬಿಡೋಣ ಎಂದು ಗಂಗರತ್ನಮ್ಮನವರನ್ನು ಕರೆದೆ. ಅವರ ಕಣ್ಣಲ್ಲಿ ನೀರಿತ್ತು. "ಆಯಾನ ಕೇಳ್ಕಂಡು ಎರಿಗೆ ಮಾಡಿಸ್ತೀನಿ ಅಂತ ನಾನೇ ಯೋಳಿದ್ರೆ ನನ್ನ ಇಟ್ಕಂತಾರಾ ಶ್ರೀರಾಮಪ್ಪ? ಓದ್ದೆ ಇರೋಳು ಬಸುರೀರ ಮುಟ್ತಾಳೆ ಅಂತ ಅವಳ ಮ್ಯಾಲೂ ಕೇಸಾಕ್ತಾರೆ."

ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಆದರೂ ತಡೆಯಲಾರದೆ ಒಬ್ಬನೇ ಧರ್ಮದರ್ಶಿಗಳ ಮನೆಗೆ ಹೋದೆ. "ನಾವೆಲ್ಲಾ ಕೇಳೋದು ಕದಿರಮ್ಮನ್ನೇ ಸ್ವಾಮಿ" ಎಂದೆ. ಅವರು ಸಿಟ್ಟಾಗಲಿಲ್ಲ. ಮೇಷ್ಟ್ರು ಬಿಟ್ಟುಹೋಗಿದ್ದ ಕಾಗದಗಳ ಕಟ್ಟು ಬಿಚ್ಚಿ ನನ್ನದನ್ನು ಹುಡುಕಿ ಮುಂದೆ ಇಟ್ಟರು. ನನ್ನದೇ ಅಕ್ಷರ, ನನ್ನದೇ ಸೈನು, ಡಾಕ್ಟರ ಹೆಸರು. "ಆವತ್ತು ಸುಳ್ಳು ಬರೆದ್ಯೋ, ಇವತ್ತು ಸುಳ್ಳು ಹೇಳ್ತಿದ್ದೀಯೋ?" ಎಂದರು. ಕೈಮುಗಿದು ಬಂದೆ.

ಕೊನೆಯ ದಿನ ಸಂಜೆ ಅವಳ ಹಿಂದೆಯೇ ಸ್ಟೇಷನ್ನಿಗೆ ಹೋದೆ. ಅವಳು ಬೆಂಚಿನ ಮೇಲೆ ಸೀರೆಯ ಗಂಟಿಟ್ಟುಕೊಂಡು ಕೂತಿದ್ದಳು.

"ನಂಗೆ ಓದಕ್ಕೆ ಬರಲ್ಲ ಅಣ್ಣ, ಆದ್ರೆ ಗೋಡೆ ಮ್ಯಾಲಿನ ಆಳೆ ನೋಡಿದ್ನಲ್ಲ. ನನ್ನಿಂದ ಎಲ್ಲಾರ ಕಡೀಕೂ ಗೀಟು ಓಗೈತೆ. ನನ್ ಕಡೀಕೆ ಒಂದೂ ಬಂದಿಲ್ಲ. ನೀನು ಯಾರೆಸ್ರು ಬರ್ದೆ?"

"ನಿನ್ನೆಸರೇ ಕದಿರಮ್ಮ" ಎಂದೆ.

ಅವಳು ನನ್ನ ಮುಖ ನೋಡಿದಳು. "ಅಂಗಾದ್ರೆ ಆ ಸಾಮಿ ಗೀಟೆಳೆಯೋದು ಮರ್ತವ್ರೆ ಬಿಡು. ನೀನೊಬ್ಬನಾದ್ರೂ ಬರ್ದ್ಯಲ್ಲ ಅಣ್ಣ, ಅಷ್ಟು ಸಾಕು" ಎಂದು ಗಂಟು ಎತ್ತಿಕೊಂಡು ರೈಲು ಹತ್ತಿದಳು.

ನಾನು ಅವಳಿಂದ ಬೈಸಿಕೊಳ್ಳಲೆಂದು ಹೋಗಿದ್ದೆ.