ಏಜೆಂಟ್ ಭೋಜಣ್ಣ ಕೆಳಗಿಟ್ಟ ಬಟ್ಟಲು

ಕುವೈತಿನ ಅಬ್ಬಾಸಿಯಾದ ಆಕಾಶದಲ್ಲಿ ಹಕ್ಕಿಗಳಿಗಿಂತ ವಿಮಾನಗಳೇ ಹೆಚ್ಚು. ಪಕ್ಕದಲ್ಲೇ ಏರ್‌ಪೋರ್ಟು. ಇಳಿಯುವ ಒಂದೊಂದು ವಿಮಾನವೂ ನಮ್ಮ ತಾರಸಿಯ ನೀರಿನ ಟ್ಯಾಂಕುಗಳನ್ನು ಸವರಿಕೊಂಡು ಹೋಗುವಂತೆ ಗುಡುಗುತ್ತ ಬರುತ್ತದೆ. ಕಿಟಕಿಯ ಗಾಜು, ಒಣಹಾಕಿದ ಬಟ್ಟೆ, ಕೆಳಗಿನ ಹೋಟೆಲಿನ ಚಾ ಲೋಟ ಎಲ್ಲವೂ ಒಮ್ಮೆ ನಡುಗಿ ಸುಮ್ಮನಾಗುತ್ತವೆ. ಇಲ್ಲಿ ಬದುಕುವವರು ಆ ಸದ್ದಿಗಿಂತ ಜೋರಾಗಿ ಮಾತಾಡುವುದನ್ನು ಬಹುಬೇಗ ಕಲಿಯುತ್ತಾರೆ. ಭೋಜಣ್ಣ ಮಾತ್ರ ಇಷ್ಟು ವರ್ಷವಾದರೂ ಕಲಿತಿಲ್ಲ. ಗುಡುಗು ಕೇಳಿದೊಡನೆ ಮಾತನ್ನು ನಡುವಿನಲ್ಲೇ ನಿಲ್ಲಿಸಿ, ತೋರುಬೆರಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಸದ್ದು ಪೂರ್ತಿ ಅಡಗುವವರೆಗೆ ಕಾಯುತ್ತಾರೆ. ಆಮೇಲೆ, ನಿಂತ ಪದದ ಮುಂದಿನ ಪದದಿಂದ ವಾಕ್ಯವನ್ನು ಎತ್ತಿಕೊಳ್ಳುತ್ತಾರೆ, ಮಧ್ಯದಲ್ಲಿ ಏನೂ ಆಗಿಲ್ಲವೆಂಬಂತೆ. "ಅರ್ಧ ಹೇಳಿದ ಮಾತು ಎದುರಿನವನ ಕೈಗೆ ಕೊಟ್ಟ ಕತ್ತಿ, ಮಗಾ," ಎಂದು ನನಗೊಮ್ಮೆ ಹೇಳಿದ್ದರು. "ಮಾತಿಗೆ ಒಂದು ಕ್ರಮ ಉಂಟು."

ಎಲ್ಲದಕ್ಕೂ ಅವರಲ್ಲಿ ಒಂದು ಕ್ರಮವುಂಟು. ಕಚೇರಿಯ ಬಾಗಿಲು ತಟ್ಟುವುದಕ್ಕೆ, ಸಲಾಂ ಹೇಳುವುದಕ್ಕೆ, ಸಿಟ್ಟು ಬಂದಾಗ ಸುಮ್ಮನಿರುವುದಕ್ಕೆ. ಕಂಪೆನಿಯೊಂದರ ಇಕಾಮಾ ಎಂಬ ವಾಸದ ಪರವಾನಗಿ, ವೀಸಾ ಕೆಲಸಗಳಿಗಾಗಿ ಕುವೈತ್ ಸಿಟಿಯ ಕಚೇರಿಗಳನ್ನು ಅಲೆಯುವುದು ಅವರ ಉದ್ಯೋಗ. ಸಂಜೆಯ ಮೇಲೆ ಇನ್ನೊಂದು ಉದ್ಯೋಗವಿದೆ, ಅದಕ್ಕೆ ಸಂಬಳವಿಲ್ಲ: ನಮ್ಮೂರ ಕಡೆಯವರಿಗೂ ಅವರನ್ನು ಕೆಲಸಕ್ಕೆ ತರಿಸಿಕೊಂಡ ಕಫೀಲರಿಗೂ ನಡುವೆ ಮಾತು ಕೆಟ್ಟಾಗ, ಹೋಗಿ ಅದನ್ನು ಸರಿಪಡಿಸುವುದು. ಅದಕ್ಕಾಗಿಯೇ ಜನ ಅವರನ್ನು 'ಏಜೆಂಟ್' ಎನ್ನುತ್ತಾರೆ. ಹೊಸಬರು ಅದನ್ನು ಟ್ರಾವೆಲ್ ಏಜೆಂಟ್ ಎಂದುಕೊಂಡರೆ ಭೋಜಣ್ಣನ ಮೀಸೆ ಅದುರುತ್ತದೆ. "ಪೊಲಿಟಿಕಲ್ ಏಜೆಂಟ್," ಎಂದು ತಿದ್ದುತ್ತಾರೆ. "ಟಿಕೆಟ್ ಮಾರುವವ ಅಲ್ಲ."

ಬ್ರಿಟಿಷರ ಕಾಲದಲ್ಲಿ ಕುವೈತಿನಲ್ಲೊಬ್ಬ ಪೊಲಿಟಿಕಲ್ ಏಜೆಂಟ್ ಎಂಬ ಸರ್ಕಾರಿ ಪ್ರತಿನಿಧಿ ಇದ್ದ. ಅವನ ಮೇಲೆ ಪರ್ಶಿಯಾದ ಬುಶಹರಿನಲ್ಲಿದ್ದ ರೆಸಿಡೆಂಟ್, ರೆಸಿಡೆಂಟನ ಮೇಲೆ ಭಾರತ ಸರ್ಕಾರ. ಕಾರ್ಕಳದ ಕಾಲೇಜಿನಲ್ಲಿ ನಾನು ಓದಿದ ಬಿ.ಎ. ಇತಿಹಾಸದಲ್ಲಿ ಇದೊಂದು ಕಿರು ಟಿಪ್ಪಣಿಯ ಪ್ರಶ್ನೆ. ಪರೀಕ್ಷೆ ಮುಗಿದೊಡನೆ ಮರೆಯಬಹುದಾದದ್ದು. ಜಹ್ರಾದ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿ ನಾನು ಇಲ್ಲಿಗೆ ಬಂದ ಮೊದಲ ಶುಕ್ರವಾರ ಭೋಜಣ್ಣ ನನ್ನನ್ನು ಕರೆದುಕೊಂಡು ಹೋದದ್ದು ಚರ್ಚಿಗೋ ಶಾಪಿಂಗ್ ಮಾಲಿಗೋ ಅಲ್ಲ, ಸಮುದ್ರದ ದಂಡೆಯಲ್ಲಿರುವ ಆ ಹಳೆಯ ಏಜೆನ್ಸಿ ಮನೆಗೆ. ಬಿಳಿ ಗೋಡೆ, ಮರದ ಜಗಲಿ, ತಣ್ಣಗಿನ ಅಂಗಳ. ಊರಿನಿಂದ ಯಾರೇ ಬಂದರೂ ಮೊದಲು ಅಲ್ಲಿಗೇ ಕರೆದೊಯ್ಯುತ್ತಾರಂತೆ. ಏಜೆಂಟನ ಕೋಣೆಯನ್ನು ಬಾಗಿಲಲ್ಲೇ ನಿಂತು ತೋರಿಸಿ ಮುಗಿಸಿದರು. ಕಾಲು ನಿಂತದ್ದು ಜಗಲಿಯ ಒಂದು ಮೂಲೆಯಲ್ಲಿ.

"ಇಲ್ಲಿ ಮುನ್ಶಿ ಕೂತುಕೊಳ್ಳುತ್ತಿದ್ದ," ಎಂದರು. "ದುಭಾಷಿ. ನಮ್ಮ ದೇಶದವ. ದೊರೆ ಇಂಗ್ಲಿಷಿನಲ್ಲಿ ಹೇಳಿದ್ದು ಯಾರಿಗೆ ಅರ್ಥ ಆಗುತ್ತದೆ? ಇಲ್ಲಿಯ ಶೇಖ್‌ಗಳ ಕಿವಿಗೆ ಬಿದ್ದದ್ದು ಇವನ ಮಾತು. ಲಂಡನ್ನಿನವರು ಬಾವುಟ ಕಟ್ಟಿದರು ಮಗಾ, ಮರ್ಯಾದೆ ಉಳಿಸಿದ್ದು ಈ ಮೂಲೆ."

ಮುನ್ಶಿ ಅಲ್ಲೇ ಕೂರುತ್ತಿದ್ದನೆನ್ನಲು ಆಧಾರವೇನೆಂದು ಕೇಳಿದೆ. ಅವರು ಬೇಸರಿಸಲಿಲ್ಲ. "ಪುಸ್ತಕ ಓದಿದವಳು ನೀನು; ನೀನು ಹೇಳಿದ್ದೇ ಸರಿ ಇರಬಹುದು. ಆದರೆ ಇಲ್ಲಿ ಗಾಳಿ ಚಂದ ಬರುತ್ತದೆ ನೋಡು. ಬುದ್ಧಿ ಇದ್ದವ ಇಲ್ಲೇ ಕೂರಬೇಕು."

ಅವರ ಕೋಟಿನ ಬಗ್ಗೆ ಹೇಳದೆ ಚಿತ್ರ ಪೂರ್ತಿಯಾಗುವುದಿಲ್ಲ. ಶುಕ್ರವಾರದ ಜುಮಾ ಸಂತೆಯಲ್ಲಿ ಕೊಂಡ, ಯಾರೋ ತೊಟ್ಟು ಬಿಟ್ಟ ಬೂದು ಬಣ್ಣದ ಕೋಟು. ತೋಳು ತುಸು ಉದ್ದ, ಹೆಂಡತಿ ಚಂಪಕ್ಕ ಅದನ್ನು ಒಳಗಿನಿಂದ ಮಡಚಿ ಹೊಲಿದಿದ್ದಾರೆ. ಡಾಂಬರು ಮೆತ್ತಗಾಗುವ ಜುಲೈ ತಿಂಗಳಲ್ಲೂ ಸಂಧಾನಕ್ಕೆ ಹೊರಟರೆ ಅದು ಮೈಮೇಲಿರಲೇಬೇಕು. ನಡಿಗೆಯೂ ಹಾಗೆಯೇ ವಿಶಿಷ್ಟ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಜತೆಗಿರುವವರಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ನಾನು ನಿಧಾನಿಸಿದರೆ ಅವರೂ ನಿಧಾನಿಸುತ್ತಾರೆ. ಎಂದೂ ಸಮಕ್ಕೆ ಬರುವುದಿಲ್ಲ. ಅದು ವಿನಯವೆಂದು ಮೊದಲು ತಿಳಿದಿದ್ದೆ. ಅಲ್ಲ, ಶುದ್ಧ ಹೆಮ್ಮೆ. ದುಭಾಷಿ ನಡೆಯಬೇಕಾದ ಜಾಗ ಅದು ಎಂದು ಅವರ ನಂಬಿಕೆ.

ಆ ಜಗಲಿಯಲ್ಲಿ ಅವರು ಹೇಳುವ ಒಂದು ಕಥೆಯಿದೆ. ಹೊಸದಾಗಿ ಬಂದ ಏಜೆಂಟನೊಬ್ಬ ಮರಳುಗಾಡಿನ ಶೇಖನೊಬ್ಬನ ಗುಡಾರಕ್ಕೆ ಹೋದ, ಹಿಡಿದಿಟ್ಟ ದೋಣಿಯವನೊಬ್ಬನನ್ನು ಬಿಡಿಸಲು. ಕಾಫಿ ಬಂತು. ದೊರೆ ಕುಡಿದ, ಹೊಗಳಿದ, ಮತ್ತೆ ಕುಡಿದ, ಆಮೇಲೆ ಬಂದ ವಿಷಯ ಎತ್ತಿದ. ಶೇಖ ನಕ್ಕು ಖರ್ಜೂರ ತರಿಸಿದನೇ ಹೊರತು ದೋಣಿಯವನ ಸುದ್ದಿ ಎತ್ತಲಿಲ್ಲ. ಯಾಕೆಂದರೆ ಅಲ್ಲಿಯ ಕ್ರಮ ಬೇರೆ: ಕೇಳಿಕೊಳ್ಳಲು ಬಂದವನು ಬಟ್ಟಲನ್ನು ಕುಡಿಯದೆ ಕೆಳಗಿಡಬೇಕು. ಅತಿಥಿಯ ಕಾಫಿ ಹಾಗೆಯೇ ಆರಿದರೆ ಮನೆಗೆ ಅವಮಾನ. ಆದ್ದರಿಂದ ಯಜಮಾನ ತಾನಾಗಿ ಕೇಳುತ್ತಾನೆ, ಮಾತು ಕೊಡುತ್ತಾನೆ, ಆಮೇಲೆಯೇ ಅತಿಥಿ ಕುಡಿಯುತ್ತಾನೆ. ಮರುವಾರ ಮುನ್ಶಿ ಇದನ್ನು ದೊರೆಗೆ ಕಲಿಸಿಕೊಟ್ಟನಂತೆ, ದೋಣಿಯವ ಮನೆಗೆ ಹೋದನಂತೆ. ಹೇಳಿದಂತೆಲ್ಲ ಕಥೆಯ ಏಜೆಂಟ್ ಒಮ್ಮೆ ಕ್ಯಾಪ್ಟನ್ ಆಗಿರುತ್ತಾನೆ, ಒಮ್ಮೆ ಮೇಜರ್. ಪದ್ಧತಿ ನಿಜ, ಕಥೆ ಭೋಜಣ್ಣನದೇ ಎಂಬುದು ನನ್ನ ಗುಮಾನಿ.

ಚಂಪಕ್ಕನಿಗೆ ಗುಮಾನಿಯೂ ಇಲ್ಲ. "ಮನೆಯಲ್ಲಿ ಚಾ ಕೊಟ್ಟರೆ ಬಸಿ ಸಮೇತ ನುಂಗುತ್ತಾರೆ," ಎನ್ನುತ್ತಾರೆ. "ನಾನೂ ಒಂದು ದಿನ ಲೋಟ ಕೆಳಗಿಟ್ಟು ಕೂರಬೇಕು. ಬಳೆ ಕೇಳಲಿಕ್ಕೆ ಉಂಟು."

ಕಳೆದ ಚಳಿಗಾಲದಲ್ಲಿ ಆ ಕಥೆಗೆ ಪರೀಕ್ಷೆ ಬಂತು. ಜಹ್ರಾದ ಮನೆಯೊಂದರಲ್ಲಿ ಅಡುಗೆಗಿರುವ ಸುಲೈಖಕ್ಕ, ಯಜಮಾನರ ಮುದಿ ತಾಯಿಯನ್ನು ನಮ್ಮ ಕ್ಲಿನಿಕ್ಕಿಗೆ ಕರೆತರುತ್ತಿದ್ದರು. ಉಳ್ಳಾಲದವರು. ಊರಿನಲ್ಲಿ ಮಗಳ ನಿಖಾ ಗೊತ್ತಾಗಿತ್ತು, ರಂಜಾನಿಗೆ ತುಸು ಮೊದಲು. ಯಜಮಾನರು, ಅಬೂ ನಾಸರ್, ರಜೆ ಕೊಡಲೊಲ್ಲರು. ಕೆಟ್ಟವರಲ್ಲ. ಆ ಮುದುಕಿ ಸುಲೈಖಕ್ಕನ ಕೈಯಡುಗೆ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಮೇಲಾಗಿ ಊರಿಗೆ ಹೋದ ಎಷ್ಟೋ ಜನ ಮರಳಿ ಬಂದಿಲ್ಲ. ರಂಜಾನಿನಲ್ಲಿ ಮನೆ ತುಂಬ ನೆಂಟರು, ಅಡುಗೆಮನೆ ಖಾಲಿ ಎಂಬ ಭಯ ಅವರದು. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು.

"ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ದೂರು ಕೊಡೋಣ," ಎಂದೆ ನಾನು.

ಸುಲೈಖಕ್ಕ ಬೇಡವೆಂದು ತಲೆಯಾಡಿಸಿದರು. "ದೂರು ಕೊಟ್ಟರೆ ಹೋಗ್ಲಿಕ್ಕೆ ಆಗ್ತದೆ ನವ್ಯಾ, ಬರ್ಲಿಕ್ಕೆ ಆಗ್ತದಾ? ಮದುವೆ ಮಾಡಿದ ಮೇಲೆ ಹೊಟ್ಟೆಗೆ ಬೇಡ್ವಾ? ಆ ಅಜ್ಜಿಯನ್ನು ಬಿಟ್ಟು ನನಗೂ ಆಗುವುದಿಲ್ಲ. ನನಗೆ ಹೋಗಲೂ ಬೇಕು, ಬರಲೂ ಬೇಕು."

ಹೋಗಲೂ ಬೇಕು, ಬರಲೂ ಬೇಕು. ಇಂಥ ಕೆಲಸಕ್ಕೇ ಭೋಜಣ್ಣ ಇರುವುದು. ಕೋಟು ಹೊರಬಂತು. ಸುಲೈಖಕ್ಕನ ತಮ್ಮ, ಫರ್ವಾನಿಯಾದ ದಿನಸಿ ಅಂಗಡಿಯಲ್ಲಿರುವ ಮೊಯ್ದೀನ್ ಕುಂಞಿಯೂ ಜತೆಗೆ ಹೊರಟರು. ಅಬೂ ನಾಸರರ ಮನೆಯಲ್ಲಿ ನಾನು ಒಳಗೆ ಆ ಅಜ್ಜಿಯ ಮಂಚದ ಬಳಿ ಸುಲೈಖಕ್ಕನ ಕೈ ಹಿಡಿದು ಕೂತಿದ್ದೆ; ಗಂಡಸರು ಕೂಡುವ ಹೊರಕೋಣೆ ದಿವಾನಿಯಾದಲ್ಲಿ ನಡೆದದ್ದನ್ನು ಮರಳುವಾಗ ಕಾರಿನಲ್ಲಿ ಮೊಯ್ದೀನ್ ಕುಂಞಿ, ತನ್ನ ತಲೆಗೆ ತಾನೇ ಮೊಟಕಿಕೊಳ್ಳುತ್ತ ಹೇಳಿದರು.

ಕಾಫಿ ಬಂತು. ಭೋಜಣ್ಣ ಬಲಗೈಯಲ್ಲಿ ಬಟ್ಟಲು ತೆಗೆದುಕೊಂಡು, ಕುಡಿಯದೆ, ಎದುರಿಗೆ ನೆಲಹಾಸಿನ ಮೇಲಿಟ್ಟರು. ಮುಂದೇನೂ ಆಗಲಿಲ್ಲ. ಅಬೂ ನಾಸರ್ ಪಕ್ಕದವರೊಡನೆ ಮಳೆಯ ಮಾತಾಡುತ್ತಲೇ ಇದ್ದರು. ಈ ಹಿಂದೀಗೆ, ಇಂಡಿಯಾದವನಿಗೆ, ನಮ್ಮ ಕಾಫಿಯ ಕಹಿ ಸೇರಲಿಲ್ಲ ಎಂಬಂತೆ ಒಬ್ಬ ಯುವಕ ಮುಗುಳ್ನಕ್ಕ. ನಮ್ಮ ಕಡೆ ಯಾರದೇ ಮನೆಗೆ ಹೋದರೂ ಕೊಟ್ಟದ್ದನ್ನು ಬಿಸಿಯಿರುವಾಗಲೇ ಕುಡಿಯಬೇಕು, ತುಂಬಿದ ಲೋಟವನ್ನು ಹಾಗೇ ಬಿಟ್ಟರೆ ಮನೆಯೊಡತಿಯ ಮುಖ ಸಣ್ಣದಾಗುತ್ತದೆ. ಆ ಸಂಸ್ಕಾರದಲ್ಲಿ ಬೆಳೆದ ಮೊಯ್ದೀನ್ ಕುಂಞಿಗೆ ತಳಮಳ ಹೆಚ್ಚಿತು. ತಮ್ಮ ಬಟ್ಟಲನ್ನು ಅಲುಗಾಡಿಸಿದರೆ ಸಾಕೆಂದರ್ಥವೆಂದು ತಿಳಿಯದೆ ಮೇಲಿಂದ ಮೇಲೆ ಕುಡಿಯುತ್ತಲೇ ಇದ್ದವರು, ಕೊನೆಗೆ ತಡೆಯಲಾರದೆ ಬಗ್ಗಿ ಭೋಜಣ್ಣನ ಬಟ್ಟಲನ್ನೆತ್ತಿ ಅವರ ಕೈಗಿಟ್ಟರು: "ಎಂತ ಭೋಜಣ್ಣ, ಮರೆತೇ ಬಿಟ್ರಲ್ಲ! ತಣಿದು ಹೋಯ್ತು, ಕುಡೀರಿ ಮಾರಾಯ್ರೆ!"

ಈಗ ಬಟ್ಟಲು ಕೈಯಲ್ಲಿದೆ. ಕುಡಿದರೆ ಕೇಳಿಕೆ ಅಲ್ಲಿಗೇ ಖಲಾಸ್. ಕೈಯಿಂದ ಕೈಗೆ ಬಂದದ್ದನ್ನು ಮತ್ತೆ ಕೆಳಗಿಡುವುದೆಂದರೆ ಅದು ಮರೆವಲ್ಲ, ಅರುಚಿಯಲ್ಲ. ಅಷ್ಟು ಜನರೆದುರು ಯಜಮಾನನ ಮಾನವನ್ನೇ ಪಣಕ್ಕಿಟ್ಟಂತೆ. ಒಪ್ಪದಿದ್ದರೆ ಆ ಮನೆಯ ಬಾಗಿಲು ಭೋಜಣ್ಣನಿಗೂ ಸುಲೈಖಕ್ಕನಿಗೂ ಶಾಶ್ವತವಾಗಿ ಮುಚ್ಚುತ್ತದೆ. ಭೋಜಣ್ಣ ಯಾರ ಮುಖವನ್ನೂ ನೋಡಲಿಲ್ಲವಂತೆ. ಎಳೆಗೂಸನ್ನು ತೊಟ್ಟಿಲಿಗೆ ಹಾಕುವಷ್ಟು ನಿಧಾನವಾಗಿ ಬಟ್ಟಲನ್ನು ಅದೇ ಜಾಗದಲ್ಲಿಟ್ಟು, ಕೋಟಿನ ತೋಳು ಸರಿಪಡಿಸಿಕೊಂಡು ಕೂತರು.

ಅಬೂ ನಾಸರ್ ಮಾತು ನಿಲ್ಲಿಸಿದರು. ಬಟ್ಟಲನ್ನು ನೋಡಿ ನಕ್ಕರು. "ಮೊದಲ ಸಲ ಇಟ್ಟಾಗ, ಪಾಪ ಗೊತ್ತಿಲ್ಲ ಅಂದುಕೊಂಡೆ. ಎರಡನೆಯ ಸಲ ಇಟ್ಟೆಯಲ್ಲ, ಗೊತ್ತಿದೆ. ಹೇಳು, ನಿನಗೇನು ಬೇಕು?"

ಭೋಜಣ್ಣ ಅರಬ್ಬಿಯಲ್ಲಿ ಹೇಳಿದ್ದು ಒಂದೇ ವಾಕ್ಯ: ಒಬ್ಬಳು ತಾಯಿ ಮಗಳ ನಿಖಾ ನೋಡಿ ಮರಳಿ ಬರಬೇಕು.

"ರಂಜಾನಿನ ಚಂದ್ರ ಕಾಣುವ ಮೊದಲು ಬರುತ್ತಾಳೆಂದು ಹೊಣೆ ಯಾರು?"

"ನಾನು."

"ಬರದಿದ್ದರೆ?"

"ಮತ್ತೆ ಯಾರ ದಿವಾನಿಯಾದಲ್ಲೂ ಈ ಬಟ್ಟಲು ಮುಟ್ಟುವುದಿಲ್ಲ."

"ಇಶ್ರಬ್ ಗಹ್ವತಕ್," ಎಂದರು ಅಬೂ ನಾಸರ್. ನಿನ್ನ ಕಾಫಿ ಕುಡಿ. ಆ ಮಾತಿನ ಮೇಲೆ ಆ ಮನೆಯಲ್ಲಿ ಬೇರೆ ಮಾತಿಲ್ಲ. ತಣ್ಣಗಾದ ಆ ಕಹಿಯನ್ನು ಭೋಜಣ್ಣ ಕಣ್ಣು ಮುಚ್ಚಿ ಕುಡಿದರು. ಆಳು ಕಪಾಟಿನಿಂದ ಪಾಸ್‌ಪೋರ್ಟ್ ತಂದ.

ಕಾರಿನಲ್ಲಿ ಮೊಯ್ದೀನ್ ಕುಂಞಿ, "ನನ್ನನ್ನು ಇಲ್ಲೇ ರೋಡಿನಲ್ಲಿ ಇಳಿಸಿ ಬಿಡಿ ಭೋಜಣ್ಣ, ನಾನು ಕೆಲಸ ಕೆಡಿಸ್ತಿದ್ದೆ," ಎಂದು ಹಲುಬುತ್ತಿದ್ದರೆ ಭೋಜಣ್ಣ, "ಸುಮ್ಮನಿರು ಮೊಯ್ದಿ. ನೀನು ಎತ್ತಿ ಕೊಡದಿದ್ದರೆ ನಾನು ಇನ್ನೊಮ್ಮೆ ಇಡುವುದು ಹೇಗೆ?" ಎಂದರು. ಮುಂದಿನ ಶುಕ್ರವಾರ ಏಜೆನ್ಸಿ ಮನೆಯ ಜಗಲಿಯಲ್ಲಿ, ಊರಿನಿಂದ ಹೊಸದಾಗಿ ಬಂದ ದಂಪತಿಗಳಿಗೆ ಕಥೆ ಹೇಳುವಾಗ, ದೊರೆ ಕೆಳಗಿಟ್ಟ ಬಟ್ಟಲನ್ನು ಅವನ ಅಡುಗೆಯವನೊಬ್ಬ ಎತ್ತಿಕೊಟ್ಟ ಪ್ರಸಂಗ ಅದರಲ್ಲಿ ಹೊಸದಾಗಿ ಸೇರಿತ್ತು. ನಾನು ಆಧಾರ ಕೇಳಲಿಲ್ಲ.

ಸುಲೈಖಕ್ಕ ಹೋದರು. ಮದುವೆಯ ಫೋಟೋಗಳು ಬಂದವು. ಆಮೇಲೆ ಫೋನು ಮೌನವಾಯಿತು; ತಮ್ಮ ಮೊಯ್ದೀನ್ ಕುಂಞಿಗೂ ಸುದ್ದಿಯಿಲ್ಲ. ರಂಜಾನ್ ಹತ್ತಿರ ಬಂದಂತೆ ಅಬ್ಬಾಸಿಯಾದ ನಾಲಿಗೆಗಳು ಚುರುಕಾದವು. "ಏಜೆಂಟರು ಇನ್ನು ಟಿಕೆಟ್ ಮಾರಬಹುದು," ಎಂದು ಕೆಳಗಿನ ಹೋಟೆಲಿನಲ್ಲಿ ಯಾರೋ ನಕ್ಕರು. ಅಬೂ ನಾಸರ್ ಒಮ್ಮೆಯೂ ಫೋನ್ ಮಾಡಲಿಲ್ಲ. ಆ ಮರ್ಯಾದೆಯೇ ಎಲ್ಲಕ್ಕಿಂತ ಭಾರವಾಗಿತ್ತು. ಚಂಪಕ್ಕ ಹಾಸ್ಯ ಬಿಟ್ಟು, ಸುಮ್ಮನೆ ಕೋಟಿನ ಗುಂಡಿ ಬಿಗಿಗೊಳಿಸುತ್ತ ಕೂತರು. ಭೋಜಣ್ಣ ಬದಲಾಗಲಿಲ್ಲ. "ಮಾತು ಕೊಟ್ಟವ ಕಾಯಬೇಕು. ಅದೂ ಕ್ರಮವೇ."

ಚಂದ್ರನನ್ನು ನೋಡಬೇಕಾದ ದಿನ ಬೆಳಿಗ್ಗೆ ಸುಲೈಖಕ್ಕನ ಸಂದೇಶ ಬಂತು: ಫೋನ್ ನೀರಿಗೆ ಬಿದ್ದಿತ್ತು, ಬೀಳ್ಕೊಡಲು ಬಂದ ಮಗಳ ಫೋನಿನಿಂದ ಹೇಳುತ್ತಿದ್ದೇನೆ, ಮಂಗಳೂರಿನಿಂದ ವಿಮಾನ ಹತ್ತಲಿದ್ದೇನೆ. ಭೋಜಣ್ಣ ಓದಿ ತಲೆಯಾಡಿಸಿದರು, ಅಷ್ಟೇ. ಮಧ್ಯಾಹ್ನ ನಾವಿಬ್ಬರೂ ಬೀದಿಯ ತುದಿಯಲ್ಲಿ ನಿಂತಿದ್ದೆವು, ಅವರು ಎಂದಿನಂತೆ ಅರ್ಧ ಹೆಜ್ಜೆ ಹಿಂದೆ.

ನನಗೆ ಆಗ ಆ ಜಗಲಿಯ ಮೂಲೆ ನೆನಪಾಯಿತು. ಏಜೆಂಟರ ಹೆಸರುಗಳನ್ನು ಇತಿಹಾಸ ಬರೆದಿಟ್ಟುಕೊಂಡಿದೆ. ಅವರು ಮಾಡಿಕೊಂಡ ಒಪ್ಪಂದಗಳ ತಾರೀಖುಗಳನ್ನು ನಾನೂ ಬಾಯಿಪಾಠ ಮಾಡಿದ್ದೆ. ಬಾವುಟಗಳು ಇಳಿದವು, ಫಿರಂಗಿಯ ಹಡಗುಗಳು ಹೋದವು. ಎರಡು ಭಾಷೆಗಳ ನಡುವಿನ ತೆಳ್ಳಗಿನ ಜಾಗದಲ್ಲಿ, ಸೈನ್ಯವಿಲ್ಲದೆ, ಮುದ್ರೆಯಿಲ್ಲದೆ, ತಮ್ಮ ಮಾತೊಂದನ್ನೇ ಅಡವಿಟ್ಟು ನಿಲ್ಲುವವರು ಮಾತ್ರ ಆಗಲೂ ಇದ್ದರು, ಈಗಲೂ ಇದ್ದಾರೆ. ಇಬ್ಬರು ಎದುರುಬದುರು ಕೂತು ಮಾನಗೆಡದೆ ಎದ್ದುಹೋದ ಕಡೆಯಲ್ಲೆಲ್ಲ ಅರ್ಧ ಹೆಜ್ಜೆ ಹಿಂದೆ ಇಂಥವರೊಬ್ಬರು ನಿಂತಿರುತ್ತಾರೆ. ಅವರು ನಮ್ಮವರೆಂದು ಹೇಳಿಕೊಳ್ಳಲು ನನಗೆ ಈಗ ಯಾವ ಆಧಾರವೂ ಬೇಕಿಲ್ಲ.

"ಬರುವುದಿಲ್ಲ ಎಂದು ಒಂದು ದಿನವಾದರೂ ಅನಿಸಲಿಲ್ಲವಾ, ಭೋಜಣ್ಣ?" ಎಂದು ಕೇಳಿದೆ.

"ಅನಿಸಿತ್ತು ಮಗಾ. ಸುಳ್ಳು ಯಾಕೆ ಹೇಳಲಿ, ರಾತ್ರಿ ನಿದ್ದೆ ಇರಲಿಲ್ಲ. ಆದರೆ ಅವಳ ಮುಖ ನೋಡಿ ನಾನು ಆವತ್ತೇ..."

ಗುಡುಗು ಬಂತು. ಅವರ ಬೆರಳು ಎದೆಯ ಮಟ್ಟಕ್ಕೆದ್ದಿತು. ವಿಮಾನ ನಮ್ಮ ಟ್ಯಾಂಕುಗಳ ಮೇಲೆ ಹಾದು, ಚಕ್ರ ಚಾಚಿ, ಕಟ್ಟಡಗಳ ಹಿಂದೆ ಇಳಿಯಿತು. ಸದ್ದು ಪೂರ್ತಿ ಅಡಗಿತು. ಮುಂದಿನ ಪದಕ್ಕಾಗಿ ಕಾಯುತ್ತ ನಾನು ತಿರುಗಿದೆ, ಭೋಜಣ್ಣ ಅಲ್ಲಿರಲಿಲ್ಲ. ಬೆನ್ನ ಹಿಂದಿನ ಕೈಗಳನ್ನು ಬಿಚ್ಚಿ ಬೀಸುತ್ತ, ಬೂದು ಕೋಟು ಹಾರಿಸಿಕೊಂಡು, ನನಗಿಂತ ಎಷ್ಟೋ ಮುಂದೆ, ಏರ್‌ಪೋರ್ಟಿನ ರಸ್ತೆಯ ಕಡೆಗೆ ಅವರು ಹೋಗುತ್ತಿದ್ದರು.