ಎಡಗೈಯಲ್ಲಿ ಕಡಗ

ಬಲಕಾರ್ ಸಿಂಗ್ ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಫೋಟೊದೊಳಗೆ ತನ್ನ ಬಲಗೈಯನ್ನು ಹುಡುಕುತ್ತಿದ್ದ. ಹೊರಗೆ ಅಂಗಳದಲ್ಲಿ ಬಿದಿರಿಗೆ ಹುರಿ ಬಿಗಿಯುವ ಸದ್ದು ಕೇಳುತ್ತಿತ್ತು. ಸತ್ತವನ ಭಾವಮೈದ ದೇಸರಾಜ್, "ತಲೆ ಹತ್ರ ಇಡೋಕೆ ಕಸ್ತೂರಿದು ಒಂದು ಒಳ್ಳೆ ಫೋಟೊ ನೋಡು" ಎಂದು ಅವನನ್ನು ಒಳಕೋಣೆಗೆ ಕಳಿಸಿದ್ದ. ಮಂಚದ ಮೇಲಿನ ಗೋಡೆಯಲ್ಲಿ ಸಿಕ್ಕಿದ್ದು ಇದು. ಸಾಚ್ ಕಣಿವೆಯ ಹಿಮದ ಗೋಡೆ, ಅದರ ಮುಂದೆ ಮೂವರು. ಒಂದು ತುದಿಯಲ್ಲಿ ಕಸ್ತೂರಿಲಾಲ್, ಅವನ ಕೈ ಬಲಕಾರನ ಹೆಗಲ ಮೇಲೆ, ಆಚೆಗೆ ಇನ್ನೊಬ್ಬ ಗೆಳೆಯ ರೋಶನಲಾಲ್. ಮೂಲೆಯಲ್ಲಿ ಹೋದ ವರ್ಷದ ತಾರೀಖು.

ಹೋದ ವರ್ಷ ಬಲಕಾರ್ ಸಾಚ್‌ಗೆ ಹೋಗಿರಲಿಲ್ಲ. ಅದರ ಹಿಂದಿನ ವರ್ಷವೂ ಹೋಗಿರಲಿಲ್ಲ. ಅವನ ಬೆನ್ನುಮೂಳೆ ಜರುಗಿ, ಬುಲೆಟ್ ಬೈಕು ಮಾರಿ ಮೂರು ವರ್ಷವಾಗಿತ್ತು. ಅದೆಲ್ಲ ಒಂದು ಕಡೆ ಇರಲಿ, ಫೋಟೊದ ಬಲಕಾರ್ ಸಿಖ್ಖನ ಬಲಗೈಯಲ್ಲಿರಬೇಕಾದ ಕಡಗವನ್ನು ಎಡಗೈಗೆ ಹಾಕಿಕೊಂಡಿದ್ದ. ಕಂಠಪೂರ್ತಿ ಕುಡಿದ ದಿನವೂ ಬಲಕಾರ್ ಆ ತಪ್ಪು ಮಾಡಿದವನಲ್ಲ. ಪಗಡಿಯ ಮಡಿಕೆಯೂ ಉಲ್ಟಾ, ಕೋಟಿನ ಗುಂಡಿಯೂ ಉಲ್ಟಾ.

"ಯಾರಿಗೆ ಟೋಪಿ ಹಾಕೋಕೆ ಮಾಡಿದ್ಯೋ ಇದನ್ನ, ಬೇಕೂಫ" ಎಂದು ಗೊಣಗಿದ.

ಕಸ್ತೂರಿ ಈ ಮೂರು ವರ್ಷ ತನ್ನನ್ನು ಮನೆಗೆ ಕರೆದೇ ಇಲ್ಲ ಎನ್ನುವುದು ಈಗ ಹೊಳೆಯಿತು. ಬರುತ್ತೇನೆಂದರೆ, ಹೆಂಡತಿ ಸುದೇಶಳಿಗೆ ತಲೆನೋವು ಎನ್ನುತ್ತಿದ್ದ. ಮದುವೆ ಮನೆಗಳಲ್ಲಿ ಸುದೇಶ್ ಎದುರು ಸಿಕ್ಕರೆ ನಡುವೆ ಪೊಲೀಸಿನವನ ಹಾಗೆ ನಿಂತುಬಿಡುತ್ತಿದ್ದ. ಗೆಳೆಯನಿಗೆ ಹೆಂಡತಿಯ ಮೇಲೆ ಅನುಮಾನವಿರಬೇಕು ಎಂದು ಬಲಕಾರ್ ಒಳಗೊಳಗೇ ನೊಂದುಕೊಂಡಿದ್ದ. ಅನುಮಾನ ಪಡಬೇಕಾದದ್ದು ಯಾರ ಮೇಲೆಂದು ಇವತ್ತು ಗೊತ್ತಾಯಿತು.

ಚೌಕಟ್ಟನ್ನು ದಿಂಬಿನಡಿ ತುರುಕಬೇಕೆನ್ನುವಷ್ಟರಲ್ಲಿ ದೇಸರಾಜ್ ಒಳಗೆ ಬಂದು, "ಸಿಕ್ತಲ್ಲ, ಕೊಡು" ಎಂದು ಕಿತ್ತುಕೊಂಡು ಹೋದ.

ಅಂಗಳದಲ್ಲಿ ಬಿಳಿ ಹಾಸಿನ ಮೇಲೆ ಹೆಂಗಸರು ಕೂತಿದ್ದರು. ಕಸ್ತೂರಿ ಮಿಂದು ಮಲಗಿದ್ದ. ನಿನ್ನೆ ರಾತ್ರಿ ಉಂಡು ಮಲಗಿದವನು ಬೆಳಗಿನ ಚಹಾಕ್ಕೆ ಏಳಲಿಲ್ಲ, ಅಷ್ಟೇ. ಬಂದವರೆಲ್ಲ ಒಂದೊಂದು ಶಾಲು ಹೊದಿಸಿ ಹೋಗಿದ್ದರು. ಸುದೇಶಳ ಶಾಲು ಮಾತ್ರ ಮಡಿಕೆ ಬಿಚ್ಚದೆ ಅವಳ ತೊಡೆಯ ಮೇಲಿತ್ತು. ಹೆಂಡತಿಯದು ಕೊನೆಯದು. ಅದಾದ ಮೇಲೆ ಎತ್ತುವುದು. ಮಗಳು ನೀರೂ ಲುಧಿಯಾನದಿಂದ ಬರಲೆಂದು ಕಾಯುತ್ತಿದ್ದರು.

ಫೋಟೊವನ್ನು ಮೊದಲು ನೋಡಿದವಳು ಕಮಲೇಶ್, ರೋಶನಲಾಲನ ಹೆಂಡತಿ. ಗಂಡನ ಕಾಲು ಊದಿಕೊಂಡಿದೆಯೆಂದು ಜಲಂಧರದಿಂದ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು.

"ಅಯ್ಯೋ, ನಮ್ಮವರು! ಎಷ್ಟು ತೆಳ್ಳಗಿದ್ದಾರೆ ನೋಡು. ಇದು ಯಾವ ಕಾಲದ್ದು ಭಾಭಿ?"

"ಹೋದ ವರ್ಷದ್ದೇ" ಎಂದಳು ಸುದೇಶ್. "ಮೂರೂ ಜನ ಹೋಗಿದ್ರಲ್ಲ."

"ಹೋದ ವರ್ಷ ಎಲ್ಲಿಗೆ ಹೋಗ್ತಾರೆ? ಕಣ್ಣಿನ ಆಪರೇಷನ್ ಆಗಿ ಮನೇಲಿ ಬಿದ್ದಿದ್ರು. ಗಾಡಿ ಮಾರಿ ಜಲಂಧರಕ್ಕೆ ಹೋದ ಮೇಲೆ ಗುಡ್ಡದ ಮುಖಾನೇ ನೋಡಿಲ್ಲ ಅವರು." ಇಷ್ಟು ಹೇಳಿದ ಮೇಲೆ ಕಮಲೇಶಳಿಗೆ ತಾನು ಏನು ಹೇಳಿದೆ ಎಂದು ಅರಿವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಮಾತು ಅಂಗಳಕ್ಕೆ ಬಿದ್ದಾಗಿತ್ತು.

ಸುದೇಶ್ ನಿಧಾನವಾಗಿ ತಲೆ ಎತ್ತಿ, ತಾನು ವೀರಜಿ ಅಂದರೆ ಅಣ್ಣ ಎಂದು ಕರೆಯುವ ಬಲಕಾರನನ್ನು ನೋಡಿದಳು.

"ವೀರಜಿ, ನೀವು ಜೊತೇಲಿದ್ರಿ ತಾನೆ?"

"ಹೂಂ... ಅಂದ್ರೆ... ಇದ್ದೆ ಅನ್ನಿ ಭಾಭಿ."

"ಪಗಡಿ ಮುಟ್ಟಿ ಹೇಳಿ."

ಬಲಕಾರನ ಕೈ ಮೇಲೇಳಲಿಲ್ಲ. ಸುದೇಶ್ ಮಡಿಚಿದ ಶಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದ್ರೆ ಯಾರ ಜೊತೆ ಹೋಗ್ತಿದ್ರು ಅಂತ ಗೊತ್ತಾಗೋ ತನಕ ನಾನು ಇದನ್ನ ಹೊದಿಸಲ್ಲ. ನೀರೂ ಬಂದ್ರೂ ಸರಿ, ಊರೆಲ್ಲ ಬಂದ್ರೂ ಸರಿ. ಯಾರೂ ಎತ್ತೋ ಹಾಗಿಲ್ಲ."

ಹಿಂದಿನ ಸಾಲಿನಲ್ಲಿ ಗುಸುಗುಸು ಹತ್ತಿಕೊಂಡಿತು. ವರ್ಷಕ್ಕೊಂದು ವಾರ ಅಂದರೆ ಅಲ್ಲೊಂದು ಸಂಸಾರವೇ ಇರಬೇಕು ಎಂದಳೊಬ್ಬಳು. ಕಸ್ತೂರಿಯ ಸೋದರತ್ತೆ, ಊರಿಗೆಲ್ಲ ಬುವಾಜಿ ಆದ ಮುದುಕಿ, ಕೋಲು ಕುಟ್ಟಿದಳು.

"ಸಾಕು ಮುಚ್ಚೇ. ಇವನ ಮುಸುಡಿಗೆ ಈ ಸುದೇಶ್ ಸಿಕ್ಕಿದ್ದೇ ಹೆಚ್ಚು. ಇನ್ನೊಬ್ಳು ಎಲ್ಲಿಂದ ಬರ್ತಾಳೆ?"

ಬಲಕಾರ್ ದೇಸರಾಜನ ಕಿವಿಯಲ್ಲಿ ಏನೋ ಹೇಳಿ ಕಸ್ತೂರಿಯ ಫೋಟೊ ಸ್ಟುಡಿಯೊದ ಬೀಗದ ಕೈ ಇಸಿದುಕೊಂಡು ಹೊರಟ.

*

ಹಿಂದೆ ಮೂವರೂ ಹೋಗುತ್ತಿದ್ದಾಗ, ಫೋಟೊ ತೆಗೆಯುವುದೇ ಒಂದು ಪ್ರಹಸನ. ಕಸ್ತೂರಿ ಮುಕ್ಕಾಲಿ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಗುಂಡಿ ಒತ್ತಿ ಓಡಿ ಬರಬೇಕು. ಅದು ಕಿರ್ ಎನ್ನುತ್ತಾ ತಾನಾಗಿ ಫೋಟೊ ಹೊಡೆದುಕೊಳ್ಳುವಷ್ಟರಲ್ಲಿ ಇವನು ಕಲ್ಲು ಎಡವಿ ಬಿದ್ದಿರುತ್ತಿದ್ದ. ಬಲಕಾರ್, ರೋಶನ್ ಹೊಟ್ಟೆ ಹಿಡಿದು ನಗುತ್ತಿದ್ದರು. ಊರಿನ ಅರ್ಧ ಮದುವೆಗಳ ಆಲ್ಬಮ್ ಮಾಡಿದವನ ಸ್ವಂತ ಫೋಟೊಗಳಲ್ಲಿ ಅವನ ಬೆನ್ನೋ, ಮೊಣಕಾಲೋ ಮಾತ್ರ ಇರುತ್ತಿತ್ತು.

ಒಮ್ಮೆ ಸಾಚ್ ಆಚೆಯ ಕಿಲಾಡ್ ದಾರಿಯಲ್ಲಿ ಕಸ್ತೂರಿಯ ಗಾಡಿ ನೀರಿನ ಹರಿವಿನಲ್ಲಿ ಜಾರಿತು. ಕಾಲ ಮೇಲೆ ಗಾಡಿ, ಮುಖದ ಮೇಲೆ ಹಿಮದ ನೀರು. ಹಿಂದೆ ಬರುತ್ತಿದ್ದ ಬಲಕಾರ್ ಎತ್ತದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ತಂದು ಬಿಟ್ಟ ದಿನ ಸುದೇಶ್ ಬೈಯಲಿಲ್ಲ, ಅಳಲಿಲ್ಲ. ಅರಿಶಿನದ ಹಾಲು ಕೊಟ್ಟು, ಗಂಡನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡಳು.

"ಬಲಕಾರ್ ವೀರಜಿ ಜೊತೇಲಿದ್ರೆ ಹೋಗಿ. ಒಬ್ರೇ ಹೋದ್ರೆ ನನ್ನ ಹೆಣ ನೋಡ್ತೀರಿ."

ಕಸ್ತೂರಿ ಆಣೆ ಇಟ್ಟ. ಬಲಕಾರ್ ಬಾಗಿಲಲ್ಲಿ ನಿಂತು ದೊಡ್ಡ ಮನುಷ್ಯನಂತೆ ತಲೆದೂಗಿದ.

*

ಬಸ್ ನಿಲ್ದಾಣದ ಎದುರಿನ ಸ್ಟುಡಿಯೊದ ಬಾಗಿಲು ತೆಗೆದರೆ ಒಳಗೆ ನಿನ್ನೆಯ ಅಗರಬತ್ತಿಯ ವಾಸನೆ ಇನ್ನೂ ಇತ್ತು. ಬಲಕಾರನಿಗೆ ಕಂಪ್ಯೂಟರ್ ಹಚ್ಚಲು ಬಾರದು. ಡ್ರಾಯರುಗಳಲ್ಲಿ ಪಾಸ್‌ಪೋರ್ಟ್ ಫೋಟೊದ ಮುಖಗಳು, ಕೆನಡಾಕ್ಕೆ ಹೋಗಲು ಹೊರಟ ಹುಡುಗರು, ಪಿಂಚಣಿಯ ಮುದುಕಿಯರು. ಅವುಗಳ ನಡುವೆ ಯಾವಳಾದರೂ ಗುಡ್ಡದ ಹೆಂಗಸಿನ ಮುಖ ಸಿಗುತ್ತದೋ ಎಂದು ಅವನು ನೋಡಿದ. ಸಿಗಬಾರದೆಂದು ಬೇಡಿಕೊಳ್ಳುತ್ತಲೇ ನೋಡಿದ. ಸುದೇಶಳ ಮುಂದೆ ಬರಿಗೈಯಲ್ಲಿ ಹೋಗುವುದಕ್ಕೂ ಅವನಿಗೆ ಹೆದರಿಕೆ, ಏನಾದರೂ ಹಿಡಿದು ಹೋಗುವುದಕ್ಕೂ ಹೆದರಿಕೆ.

ಮೂಲೆಯಲ್ಲಿ ನೀಲಿ ಪರದೆ. ಅದನ್ನು ಸರಿಸಿದಾಗ ಗೋಡೆಯ ಮೇಲೆ ಪಿನ್ನು ಚುಚ್ಚಿದ ಮೂರು ಫೋಟೊಗಳು ಕಂಡವು. ಒಂದೊಂದು ವರ್ಷದ್ದು ಒಂದೊಂದು. ಬಲಕಾರ್ ಅವುಗಳ ಮುಂದೆ ನಿಂತ. ಆಮೇಲೆ ಸ್ಟೂಲು ಎಳೆದು ಕೂತ.

ಹೋದ ವರ್ಷ ಬೇಸಿಗೆಯಲ್ಲಿ ಕಸ್ತೂರಿ ಅವನ ಬಿಡಿಭಾಗಗಳ ಅಂಗಡಿಗೆ ಹೊಸ ಕ್ಯಾಮೆರಾ ಹಿಡಿದು ಬಂದಿದ್ದ.

"ಎದ್ದು ಗೋಡೆ ಹತ್ರ ನಿಲ್ಲೋ. ಲೆನ್ಸು ಪರೀಕ್ಷೆ ಮಾಡ್ಬೇಕು. ಆ ದಪ್ಪ ಕೋಟು ಹಾಕ್ಕೋ."

"ಈ ಬಿಸಿಲಲ್ಲಿ ಕೋಟಾ? ತಲೆ ನೆಟ್ಟಗಿದ್ಯೇನೋ ನಿಂಗೆ?"

"ಹಾಕ್ಕೋ ಅಂದ್ರೆ ಹಾಕ್ಕೋ. ಕಣ್ಣು ಸ್ವಲ್ಪ ಕಿರಿದು ಮಾಡು, ಗಾಳಿ ಹೊಡೀತಿದೆ ಅನ್ಕೋ."

ಬೆವರು ಸುರಿಸುತ್ತಾ ಬಲಕಾರ್ ನಿಂತಿದ್ದ. ಅದಾದ ಮೇಲೆ ಚಹಾ ಕುಡಿಯುತ್ತಾ ಕಸ್ತೂರಿ ಕೇಳಿದ್ದ: "ಈ ಸಲ ಬರ್ತೀಯಾ ಸಾಚ್‌ಗೆ? ನನ್ನ ಹಿಂದೆ ಕೂತ್ಕೋ ಸಾಕು, ನೀನು ಓಡಿಸೋದು ಬೇಡ." ಬಲಕಾರ್ ಬೆನ್ನು ತೋರಿಸಿ, "ಮುಂದಿನ ವರ್ಷ ನೋಡೋಣ" ಎಂದಿದ್ದ. ಪ್ರತಿ ವರ್ಷವೂ ಅದನ್ನೇ ಅಂದಿದ್ದ. ಬೆನ್ನಿನ ನೋವು ನಿಜವೇ. ಆದರೆ ಕಾರಿನಲ್ಲಾದರೂ ಹೋಗಬಹುದಿತ್ತು. ಚಳಿ ಬೇಡವೆನಿಸಿತ್ತು, ಸುಮ್ಮನೆ.

*

"ಇದು ನೋಡಿ ಭಾಭಿ" ಎಂದು ಬಲಕಾರ್ ಹೆಂಗಸರ ನಡುವೆಯೇ ಮಂಡಿಯೂರಿದ. ಬೆನ್ನು ಚುಳುಕ್ಕೆಂದಿತು. ಅಷ್ಟರಲ್ಲಿ ನೀರೂ ಬಂದು ತಾಯಿಯ ಪಕ್ಕ ಕೂತು ಅಳುತ್ತಿದ್ದಳು.

"ನಾನು ಜೊತೇಲಿರ್ಲಿಲ್ಲ. ರೋಶನ್ನೂ ಇರ್ಲಿಲ್ಲ. ನಿಮ್ಮ ಗೋಡೆ ಮೇಲಿದ್ದ ಫೋಟೊದಲ್ಲಿ ನಮ್ಮಿಬ್ಬರನ್ನ ಅವನೇ ಕಂಪ್ಯೂಟರಲ್ಲಿ ಅಂಟಿಸಿದ್ದು. ಮದುವೆ ಆಲ್ಬಮ್ಮಲ್ಲಿ ಕೆನಡಾದಲ್ಲಿರೋ ಮಗನ್ನ ತಂದು ನಿಲ್ಲಿಸ್ತಿದ್ನಲ್ಲ, ಹಾಗೆ. ಬಿಸಿಲು ಒಂದೇ ಕಡೆಯಿಂದ ಬೀಳ್ಲಿ ಅಂತ ನನ್ನನ್ನ ಎಡಬಲ ಮಗುಚಿ ಹಾಕಿದ್ದಾನೆ, ಕಡಗ ಎಡಗೈಗೆ ಹೋಗಿದ್ದು ನೋಡೇ ಇಲ್ಲ. ಇದು ಅಸಲಿ."

ಸುದೇಶ್ ಫೋಟೊ ತೆಗೆದುಕೊಂಡಳು. ಅದೇ ಹಿಮದ ಗೋಡೆ. ಒಂದು ತುದಿಯಲ್ಲಿ ಕಸ್ತೂರಿ ಒಬ್ಬನೇ. ಹಲ್ಲು ಕಾಣುವಂತೆ ನಗುತ್ತಾ, ಒಂದು ಕೈಯನ್ನು ಪಕ್ಕಕ್ಕೆ ಎತ್ತಿ ಚಾಚಿದ್ದ. ಕೈಯ ಕೆಳಗೆ ಯಾರೂ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಎರಡು ಆಕೃತಿ ಗೀಚಿದ್ದ. ಒಂದಕ್ಕೆ ಪಗಡಿ ಇತ್ತು.

ಅವಳು ಕರಗಲಿಲ್ಲ. ಮೂವತ್ತು ವರ್ಷ ಫೋಟೊದವನ ಜೊತೆ ಬಾಳಿದವಳು.

"ಇದನ್ನ ತೆಗೆದಿದ್ದು ಯಾರು?"

ಬಲಕಾರ್ ಫೋಟೊದ ಕೆಳಭಾಗಕ್ಕೆ ಬೆರಳಿಟ್ಟ. ಮಂಚದ ಮೇಲಿನ ಗೋಡೆಯ ಚಿತ್ರದಲ್ಲಿ ಕಸ್ತೂರಿ ಈ ಭಾಗವನ್ನು ಕತ್ತರಿಸಿ ತೆಗೆದಿದ್ದ. ಇಳಿಬಿಸಿಲಿಗೆ ಹಿಮದ ಮೇಲೆ ಒಂದು ನೆರಳು ಉದ್ದಕ್ಕೆ ಬಿದ್ದಿತ್ತು. ಮೂರು ಸಣಕಲು ಕಾಲು, ಮೇಲೊಂದು ಪೆಟ್ಟಿಗೆ. ಅದರ ಹಿಂದೆ ಮುಂದೆ ಮನುಷ್ಯನ ನೆರಳಿರಲಿಲ್ಲ.

"ಮುಕ್ಕಾಲಿ" ಎಂದ. "ಮೂರರಲ್ಲೂ ಅಷ್ಟೇ ಭಾಭಿ. ನೋಡಿ ಬೇಕಾದ್ರೆ."

ಸುದೇಶ್ ಮೂರನ್ನೂ ನೋಡಿದಳು. ಒಂದೊಂದನ್ನೂ ಕಣ್ಣಿನ ಹತ್ತಿರ ತಂದು, ಮೂಲೆ ಮೂಲೆ ನೋಡಿದಳು. ಕಮಲೇಶ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಈ ಕೈ ಇಷ್ಟು ಮೇಲೆ ಯಾಕೆ?" ಎಂದು ಕೇಳಿದಳು ಕೊನೆಗೆ.

"ನಾನು ಎತ್ತರ ಇದ್ದೀನಲ್ಲ ಭಾಭಿ. ನನ್ನ ಹೆಗಲು ಅಲ್ಲಿಗೇ ಬರುತ್ತೆ."

"ಈ ಕೈ ಎತ್ತೋಕೇ ಆಗ್ತಿರ್ಲಿಲ್ಲ ವೀರಜಿ ಅವರಿಗೆ." ಅವಳ ದನಿ ಮೊದಲ ಸಲ ಒಡೆಯಿತು. "ಹೆಗಲು ಹಿಡ್ಕೊಂಡು ಎರಡು ವರ್ಷ ಆಯ್ತು. ಅಂಗಿ ನಾನೇ ಹಾಕ್ತಿದ್ದೆ. ತಲೆ ನಾನೇ ಬಾಚ್ತಿದ್ದೆ. ದಿನಾ ಸಾಸಿವೆ ಎಣ್ಣೆ ತಿಕ್ತಿದ್ದೆ, ಅಮ್ಮಾ ಅಂತ ಕೂಗೋರು. ಗಾಡಿ ಹ್ಯಾಂಡಲ್ಲು ಹಿಡಿಯೋಕೆ ಸಾಕು ಬಿಡು ಅನ್ನೋರು."

ಎದ್ದು ಹೋಗಿ ಶಾಲಿನ ಮಡಿಕೆ ಬಿಚ್ಚಿದಳು. ಗಂಡನ ಕೊರಳವರೆಗೆ ಹೊದಿಸಿ, ಆ ಹೆಗಲ ಬಳಿ ಒಮ್ಮೆ ಕೈಯಾಡಿಸಿದಳು. "ಸುಳ್ಳ" ಎಂದಳು. "ಒಬ್ರೇ ಹೋಗಲ್ಲ ಅಂತ ನನ್ನ ತಲೆ ಮೇಲೆ ಕೈ ಇಟ್ಟಿದ್ರಿ." ಆಮೇಲೆ ಅತ್ತಳು. ನೀರೂ ಅವಳನ್ನು ತಬ್ಬಿಕೊಂಡಳು.

ಗಂಡಸರು ಎತ್ತಲು ಬಂದರು. ಬಲಕಾರ್ ಮುಂದಿನ ಬಿದಿರಿಗೆ ಕೈ ಹಾಕಿದಾಗ ದೇಸರಾಜ್ ತಡೆದ.

"ನಿನ್ನ ಬೆನ್ನು ನೋಡ್ಕೋ. ದಾರೀಲಿ ನಿನ್ನನ್ನೂ ಹೊರಬೇಕಾಗುತ್ತೆ ನಾವು."

"ಪಕ್ಕಕ್ಕೆ ನಿಲ್ಲು" ಎಂದ ಬಲಕಾರ್. ಅವನು ಎದ್ದು ನಿಂತಾಗ ಚಟ್ಟ ಒಂದು ಕಡೆ ಎತ್ತರವಾಯಿತು. ಉಳಿದವರು ಗೊಣಗುತ್ತಾ ಸರಿಹೊಂದಿಸಿಕೊಂಡರು. ಅವನ ಕಣ್ಣಲ್ಲಿ ನೀರು ಧಾರಾಳವಾಗಿ ಇಳಿಯುತ್ತಿತ್ತು. ಬೆನ್ನಿನ ನೋವಿಗೋ ಗೆಳೆಯನಿಗೋ ಎಂದು ಯಾರೂ ಕೇಳಲಿಲ್ಲ.

ಮೆರವಣಿಗೆ ಗಲ್ಲಿಯ ತಿರುವು ದಾಟಿ ರಾಮನಾಮದ ಸದ್ದು ಕ್ಷೀಣವಾದ ಮೇಲೆ, ಹೆಂಗಸರು ಅಂಗಳ ತೊಳೆಯಲು ನೀರು ತಂದರು. ಸುದೇಶ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಒಂದು ಕೈಯನ್ನು ಪಕ್ಕಕ್ಕೆ, ತನ್ನ ತಲೆಗಿಂತ ಎತ್ತರಕ್ಕೆ, ಗಾಳಿಯಲ್ಲಿ ಚಾಚಿದ್ದಳು.

ಬುವಾಜಿ ಕೋಲೂರಿಕೊಂಡು ಓಡಿ ಬಂದಳು. "ಏನಾಯ್ತೇ ನಿಂಗೆ? ಇಳಿಸು ಕೈನ, ಜನ ನೋಡ್ತಿದ್ದಾರೆ."

"ತಡೀರಿ ಬುವಾಜಿ" ಎಂದಳು ಸುದೇಶ್, ಎದುರಿನ ಖಾಲಿ ಅಂಗಳದಿಂದ ಕಣ್ಣು ತೆಗೆಯದೆ. "ಕ್ಯಾಮೆರಾ ಹೊಡ್ಕೊಳ್ಳೋಕೆ ಇನ್ನೂ ಸ್ವಲ್ಪ ಹೊತ್ತಿದೆ."